ಒಂದೇ ಡೆಸ್ಕಿನ ಇಬ್ಬರು

2016ರಲ್ಲಿ ಬಂದ 'ವಿತ್ ಯೂ' ಎಂಬ ಚೀನೀ ಧಾರಾವಾಹಿಯ ನಾಯಕಿಯ ಹೆಸರು ಗೆಂಗ್ ಗೆಂಗ್, ನಾಯಕನ ಹೆಸರು ಯೂ ಹುವಾಯ್. ಈ ಎರಡು ಹೆಸರುಗಳನ್ನು ಒಂದರ ಹಿಂದೊಂದು ಹೇಳಿದರೆ ಚೀನೀ ಬಲ್ಲವರ ಕಿವಿಗೆ ಒಂದು ನುಡಿಗಟ್ಟು ಕೇಳಿಸುತ್ತದೆ. ಮನಸ್ಸಿನೊಳಗೆ ನಾಟಿಕೊಂಡದ್ದನ್ನು ಮರೆಯಲಾಗದೆ ಕೊರಗುವುದು ಎಂದು ಅದರ ಅರ್ಥ. ಸಾಮಾನ್ಯವಾಗಿ ಆರದ ಅಸಮಾಧಾನಕ್ಕೆ ಬಳಸುವ ಈ ಮಾತನ್ನು ಕಥೆಯು ಇಬ್ಬರು ಹದಿಹರೆಯದವರ ಹೆಸರುಗಳಲ್ಲಿ ಹಂಚಿಟ್ಟಿದೆ. ಮೊದಲ ಸಲ ನೋಡಿದಾಗ ನನಗೆ ಇದು ತಿಳಿದಿರಲಿಲ್ಲ. ತಿಳಿದ ಮೇಲೆ ಮತ್ತೆ ನೋಡಿದಾಗ, ತರಗತಿಯಲ್ಲಿ ಆ ಹೆಸರುಗಳು ಜೊತೆಯಾಗಿ ಕೇಳಿಬಂದಾಗಲೆಲ್ಲ ಮುಂದೆ ಬರಲಿರುವ ಅಗಲಿಕೆಯನ್ನೂ ಯಾರೋ ಮೆಲ್ಲಗೆ ಹೇಳುತ್ತಿದ್ದಾರೆ ಎನಿಸಿತು.

ಚೀನಾದ ಶಾಲಾ ಪ್ರೇಮಕಥೆಗಳು ಬಹಳ ನಿಧಾನ ಎಂದು ಅರ್ಧಕ್ಕೇ ಬಿಟ್ಟವರನ್ನು ನಾನು ಬಲ್ಲೆ. ಹತ್ತು ಕಂತು ಕಳೆದರೂ ಕೈ ಹಿಡಿಯುವುದಿಲ್ಲ, ಮನಸ್ಸಿನ ಮಾತು ತುಟಿಗೆ ಬರುವುದಿಲ್ಲ ಎಂಬುದು ಅವರ ದೂರು. ಆದರೆ ಈ ನಿಧಾನವು ಕಥೆಯನ್ನು ಹಿಗ್ಗಿಸಲು ಹೂಡಿದ ತಂತ್ರವಲ್ಲ, ಆ ಮಕ್ಕಳು ಬದುಕುವ ಶಾಲೆಯೊಳಗಿನಿಂದಲೇ ಹುಟ್ಟಿದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಚೀನಾದ ಪ್ರೌಢಶಿಕ್ಷಣದ ಕೊನೆಯ ಮೂರು ವರ್ಷಗಳು ಗಾವೊಕಾವೊ ಎಂಬ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯ ನೆರಳಿನಲ್ಲಿ ಸಾಗುತ್ತವೆ. 2003ರಿಂದ ಈ ಪರೀಕ್ಷೆ ಸಾಮಾನ್ಯವಾಗಿ ಜೂನ್ 7ರಂದು ಆರಂಭವಾಗುತ್ತದೆ, ಹೆಚ್ಚಿನ ಪ್ರಾಂತ್ಯಗಳಲ್ಲಿ ಅದರ ಒಟ್ಟು ಅಂಕ 750. ಕಪ್ಪುಹಲಗೆಯ ಮೂಲೆಯಲ್ಲಿ ಉಳಿದ ದಿನಗಳ ಸಂಖ್ಯೆ ಇಳಿಯುತ್ತಿರುತ್ತದೆ, ಕತ್ತಲಾದ ಮೇಲೂ ಮಕ್ಕಳು ತರಗತಿಯಲ್ಲೇ ಕುಳಿತು ಓದುತ್ತಾರೆ. ಆ ವಯಸ್ಸಿನ ಒಲವಿಗೆ ಅಲ್ಲಿ 'ಝಾವೊಲ್ಯೆನ್' ಎನ್ನುತ್ತಾರೆ. ಪದಶಃ ನೋಡಿದರೆ ಬೇಗನೆ ಬಂದ ಪ್ರೀತಿ, ಹಿರಿಯರ ಬಾಯಲ್ಲಿ ಅದೊಂದು ಆಕ್ಷೇಪಣೆ. ಪ್ರೀತಿಸುತ್ತೇನೆ ಎಂಬ ಮಾತೇ ನಿಷಿದ್ಧವಾದಾಗ ಪ್ರೀತಿಯು ಬೇರೆ ಕೆಲಸಗಳ ವೇಷ ತೊಡಬೇಕಾಗುತ್ತದೆ. ಭೌತಶಾಸ್ತ್ರದ ಲೆಕ್ಕವನ್ನು ಮೂರನೆಯ ಬಾರಿ ಬಿಡಿಸಿ ಹೇಳಿಕೊಡುವುದು, ನಿದ್ದೆ ಹೋದವಳ ಮುಂದೆ ಪುಸ್ತಕಗಳ ರಾಶಿಯನ್ನು ಸರಿಸಿ ಮೇಷ್ಟರ ಕಣ್ಣಿಗೆ ಬೀಳದಂತೆ ಮಾಡುವುದು, ಇವೇ ಪ್ರೇಮಪತ್ರಗಳು. ಯಾವ ನಗರದ ವಿಶ್ವವಿದ್ಯಾಲಯಕ್ಕೆ ಸೇರಬೇಕೆಂದಿದ್ದೀಯ ಎಂಬ ಪ್ರಶ್ನೆಯೇ ಅಲ್ಲಿ ಪ್ರೇಮ ನಿವೇದನೆ.

ಇವೆಲ್ಲ ನಡೆಯುವುದು ಒಂದೇ ಡೆಸ್ಕಿನಲ್ಲಿ. ಜೊತೆಗೆ ಕೂರುವವರನ್ನು ಚೀನೀಯಲ್ಲಿ 'ಥೊಂಗ್‌ಜ್ವೊ' ಎಂದು ಕರೆಯುತ್ತಾರೆ, ಎಂದರೆ ಒಂದೇ ಮೇಜಿನವರು. ಚಿಕ್ಕ ಮಕ್ಕಳು ಜಗಳವಾಡಿದಾಗ ಡೆಸ್ಕಿನ ನಡುವೆ ಗೆರೆ ಎಳೆದು, ಕೊರಿಯಾವನ್ನು ಎರಡು ಮಾಡಿದ 38ನೆಯ ಅಕ್ಷಾಂಶದ ಹೆಸರನ್ನೇ ಅದಕ್ಕೆ ಇಡುತ್ತಾರೆ. ಆ ಗೆರೆಯನ್ನು ದಾಟಿದ ಮೊಣಕೈಗೆ ಏಟು ಬೀಳುತ್ತದೆ. ಅಂಥ ಗೆರೆ ಪ್ರೌಢಶಾಲೆಯ ಡೆಸ್ಕಿನ ಮೇಲೆ ಕಾಣದಿದ್ದರೂ ಇರುತ್ತದೆ, ಮತ್ತು ಈ ಧಾರಾವಾಹಿಗಳ ಕ್ಯಾಮೆರಾ ಅದನ್ನು ಬಹಳ ತಾಳ್ಮೆಯಿಂದ ಗಮನಿಸುತ್ತದೆ. 'ವಿತ್ ಯೂ'ವಿನಲ್ಲಿ ಗೆಂಗ್ ಗೆಂಗ್ ಪಾತ್ರದ ತಾನ್ ಸೊಂಗ್‌ಯುನ್ ಮತ್ತು ಯೂ ಹುವಾಯ್ ಪಾತ್ರದ ಲ್ಯೂ ಹಾವೊರಾನ್ ಇಬ್ಬರೂ ಮುಖ ತಿರುಗಿಸದೆ, ಬರೆಯುವುದನ್ನು ನಿಲ್ಲಿಸದೆ, ಪಕ್ಕದವರ ಇರವನ್ನು ಭುಜದಿಂದಲೇ ಅರಿಯುತ್ತಿರುವಂತೆ ಅಭಿನಯಿಸಿದ್ದಾರೆ. ಅಷ್ಟು ಸಣ್ಣ ಅಭಿನಯವನ್ನು ಕಾಣಲು ನೋಡುವವರೂ ನಿಧಾನಿಸಬೇಕು.

ನಿಧಾನಕ್ಕೂ ಬಗೆಗಳಿವೆ. 2017ರ 'ಎ ಲವ್ ಸೋ ಬ್ಯೂಟಿಫುಲ್'ನಲ್ಲಿ ಚೆನ್ ಶಿಯಾವೊಶಿ ತನ್ನ ಮನಸ್ಸನ್ನು ಬಚ್ಚಿಡುವವಳೇ ಅಲ್ಲ. ತಡವಾಗುವುದು ನೆರೆಮನೆಯ ಹುಡುಗ ಜಿಯಾಂಗ್ ಚೆನ್‌ನ ಉತ್ತರ. 2023ರ 'ಹಿಡನ್ ಲವ್'ನಲ್ಲಿ ಗುಟ್ಟು ಪೂರ್ತಿ ಹುಡುಗಿಯದು. ಶಾಲೆಯಿಂದ ಕರೆ ಬಂದಾಗ ಸಾಂಗ್ ಝೀ ತನ್ನ ಅಣ್ಣನ ಗೆಳೆಯ ದುವಾನ್ ಜಿಯಾಶುವನ್ನೇ ಅಣ್ಣನಂತೆ ನಟಿಸಿ ಬರಲು ಕೇಳಿಕೊಳ್ಳುತ್ತಾಳೆ, ಅವನು ಅವಳನ್ನು ನಿಜಕ್ಕೂ ತಂಗಿಯಂತೆಯೇ ಕಾಣುತ್ತಾನೆ. ವಯಸ್ಸಿನ ಅಂತರವಿರುವ ಈ ಕಥೆಯಲ್ಲಿ ಅವಳು ವಿಶ್ವವಿದ್ಯಾಲಯ ಸೇರುವವರೆಗೆ ಪ್ರೇಮಕ್ಕೆ ಎಡೆಯಿಲ್ಲದಿರುವುದು ನೈತಿಕವಾದ ಅಗತ್ಯವೂ ಹೌದು. ಅಲ್ಲಿಯವರೆಗಿನ ಕಾಯುವಿಕೆಯೇ ಕಥೆಗೆ ಘನತೆಯನ್ನು ತಂದಿದೆ ಎಂದು ನಾನು ನಂಬುತ್ತೇನೆ. ಅದೇ ವರ್ಷದ 'ವೆನ್ ಐ ಫ್ಲೈ ಟುವರ್ಡ್ಸ್ ಯೂ' ಐವರು ಗೆಳೆಯರ ಕಥೆ. ಖಳನಿಲ್ಲದೆಯೂ 24 ಕಂತುಗಳು ತುಂಬುತ್ತವೆ.

ಇಂಥ ಕಥೆಗಳಿಗೆ ಬಹಳ ಹಿಂದಿನ ಒಂದು ಬೇರು ಇದೆ. ಬಾಲ್ಯದಿಂದ ಜೊತೆಗೆ ಬೆಳೆದು ಒಲಿದವರನ್ನು ಚೀನೀಯರು 'ಹಸಿರು ಪ್ಲಮ್, ಬಿದಿರು ಕುದುರೆ' ಎನ್ನುತ್ತಾರೆ. ಎಂಟನೆಯ ಶತಮಾನದ ಕವಿ ಲೀ ಬಾಯ್‌ನ ಕವಿತೆಯಿಂದ ಬಂದ ಮಾತು ಅದು. ಬಿದಿರಿನ ಕೋಲನ್ನೇ ಕುದುರೆಯಾಗಿಸಿಕೊಂಡು ಬಂದ ಹುಡುಗ ಹಸಿರು ಪ್ಲಮ್ ಹಣ್ಣುಗಳೊಡನೆ ಆಡುತ್ತಾನೆ. ಬಳಕೆಯಲ್ಲಿ ಈ ಸಾಲಿನ ಚಿತ್ರವಷ್ಟೇ ಉಳಿದಿದೆ. ಆದರೆ ಆ ಕವಿತೆಯಲ್ಲಿ ಮಾತನಾಡುವವಳು ಹದಿನಾಲ್ಕಕ್ಕೆ ಮದುವೆಯಾಗಿ, ಹದಿನಾರಕ್ಕೆ ಗಂಡನನ್ನು ದೂರದ ಪಯಣಕ್ಕೆ ಕಳುಹಿಸಿ, ಅವನ ದಾರಿ ಕಾಯುತ್ತಿರುವ ಹೆಣ್ಣು. ಜೊತೆಯಾಗಿ ಬೆಳೆದ ದಿನಗಳು ಮೊದಲು, ಅಗಲಿಕೆ ಆಮೇಲೆ, ನಡುವೆ ನೆನಪು ಎಂಬ ಅದೇ ವಿನ್ಯಾಸವನ್ನು ಇಂದಿನ ಶಾಲಾ ಕಥೆಗಳಲ್ಲಿ ಕಂಡಾಗ ನನಗೆ ರೋಮಾಂಚನವಾಗುತ್ತದೆ.

ನನಗೆ ಒಪ್ಪಿಗೆಯಾಗದ ಸಂಗತಿಯೂ ಇದೆ. ಸಿಹಿ ದೃಶ್ಯಗಳಿಗೆ ಚೀನಾದ ಅಭಿಮಾನಿಗಳು 'ಸಕ್ಕರೆ' ಎನ್ನುತ್ತಾರೆ, ನೋಯಿಸುವ ದೃಶ್ಯಗಳಿಗೆ 'ಚಾಕು'. ಒಲವು ಒಮ್ಮೆ ಬಾಯಿಬಿಟ್ಟ ಮೇಲೆ ಹಲವು ಧಾರಾವಾಹಿಗಳು ಈ ಎರಡನ್ನೂ ಎಲ್ಲೆಮೀರಿ ಸುರಿಯುತ್ತವೆ. ಅಲ್ಲಿಯವರೆಗೆ ಒಂದು ನೋಟವನ್ನು ಅಷ್ಟು ಎಚ್ಚರದಿಂದ ಚಿತ್ರಿಸಿದವರು, ಉದ್ಯೋಗಕ್ಕೆ ಸೇರಿದ ಅದೇ ಪಾತ್ರಗಳನ್ನು ಒಂದು ಫೋನ್ ಕರೆಯಿಂದ ತೀರಬಹುದಾದ ತಪ್ಪುಗ್ರಹಿಕೆಯಲ್ಲಿ ಕಂತುಗಟ್ಟಲೆ ಸಿಕ್ಕಿಸುವುದನ್ನು ಕಂಡಾಗ ನಿಜವಾಗಿಯೂ ದುಃಖವಾಗುತ್ತದೆ. ಶಾಲೆಯ ನಿಧಾನಕ್ಕೆ ಕಾರಣವಿತ್ತು, ಈ ನಿಧಾನಕ್ಕೆ ಕಾರಣವಿಲ್ಲ.

'ವಿತ್ ಯೂ'ವಿನ ಅಗಲಿಕೆ ಹಾಗಲ್ಲ. ಪರೀಕ್ಷೆಯ ನಂತರ ಯೂ ಹುವಾಯ್ ಗೆಂಗ್ ಗೆಂಗ್‌ಳ ಬಾಳಿನಿಂದ ಮರೆಯಾಗುತ್ತಾನೆ, ವರ್ಷಗಳು ಕಳೆದ ಮೇಲೆ ಸಿಗುತ್ತಾನೆ, ಮತ್ತು ನಡುವಿನ ಮೌನದ ಭಾರ ಇಬ್ಬರ ಮುಖಗಳಲ್ಲೂ ಕಾಣುತ್ತದೆ. ಆ ಭಾಗ ಚೆನ್ನಾಗಿದೆ ಎಂದು ತಿಳಿದಿದ್ದರೂ, ಮೂರನೆಯ ಬಾರಿ ನೋಡುವಾಗ ನಾನು ಜೂನ್ ತಿಂಗಳು ಬರುವ ಮೊದಲೇ ನಿಲ್ಲಿಸಿದೆ. ಕಪ್ಪುಹಲಗೆಯ ಮೇಲೆ ಇನ್ನೂ ಕೆಲವು ದಿನಗಳು ಉಳಿದಿದ್ದವು, ಇಬ್ಬರೂ ತಲೆ ತಗ್ಗಿಸಿ ಬರೆಯುತ್ತಿದ್ದರು.