ಪೋರ್ಷನ್ ಮುಗಿದಿದೆ ಮೇಡಂ

ಬಾಯಿ ಎರಡನೇ ಸಾಲು ಹೇಳುತ್ತಿತ್ತು, ಬೆರಳು ಇನ್ನೂ ಮೊದಲ ಸಾಲಿನ ‘ಮರ’ದ ಮೇಲೇ ಇತ್ತು. ಈ ವಾರ ನೋಡಿದ ಆ ಬೆರಳು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಅದೇ ‘ಮರ’ವನ್ನು ಚೀಟಿಯಲ್ಲಿ ಬರೆದು ಕೊಟ್ಟರೆ, ವಿಶೇಷ ಅಗತ್ಯವುಳ್ಳ ಆ ಹುಡುಗನಿಗೆ ಓದಲು ಬರಲಿಲ್ಲ. ಪುಟ ಪೂರ್ತಿ ಬಾಯಿಪಾಠವಾಗಿತ್ತು.

“ಪೋರ್ಷನ್ ಮುಗಿದಿದೆ ಮೇಡಂ, ಒತ್ತಕ್ಷರಕ್ಕೆ ಬಂದಿದ್ದೇವೆ” ಅಂದರು ಟೀಚರ್.

“ಅವನೂ ಬಂದಿದ್ದಾನಾ?”

ಸುಮ್ಮನಾದರು. ಶ್ರದ್ಧೆಯಿಂದ ದುಡಿಯುವವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ತಿಂಗಳಿಗೆ ಇಷ್ಟು ಪಾಠ ಅಂತ ಪಟ್ಟಿ ಮಾಡಿ ಅವರ ಕೈಗಿಟ್ಟವರ ಮೇಲಿದೆ.

ವಿಶೇಷ ಅಗತ್ಯವುಳ್ಳ ಮಕ್ಕಳ ಓದಿನಲ್ಲಿ ಮುಂದಿನ ಹೆಜ್ಜೆ ಯಾವಾಗ ಅನ್ನುವುದನ್ನು ಮಗುವಿನ ಉತ್ತರ ಹೇಳಬೇಕು. ಹತ್ತು ಚೀಟಿ ಸಾಕು. ಚಿತ್ರ ಬೇಡ, ಪ್ರತಿ ಸಲ ಕಲಸಿ ಕೊಡಿ. ಅದರಲ್ಲಿ ಎರಡು ಮೂರು ಪದ ಪಾಠದಲ್ಲಿ ಬಾರದವೇ ಇರಲಿ, ಅಕ್ಷರ ಮಾತ್ರ ಕಲಿತವು. ಬೇರೆ ಬೇರೆ ಮೂರು ದಿನ ಹತ್ತಕ್ಕೆ ಒಂಬತ್ತು ಸರಿಯಾದರೆ ಮುಂದಕ್ಕೆ ಹೋಗಬಹುದು. ಏಳೆಂಟು ಬಂದರೆ ಅದೇ ಅಕ್ಷರಗಳಿಗೆ ಹೊಸ ಪದ. ಅದಕ್ಕಿಂತ ಕಡಿಮೆಯಾದರೆ ಒಂದೇ ಸಲಕ್ಕೆ ಹೆಚ್ಚು ಕೊಟ್ಟಿದ್ದೇವೆ ಅಂತ ಅರ್ಥ. ಸುಳಿವು ಕೊಟ್ಟು ಹೇಳಿಸಿದ್ದನ್ನು ಸರಿ ಅಂತ ಎಣಿಸಬೇಡಿ. ಮಗು ತಡವರಿಸಿದ ತಕ್ಷಣ ಮೊದಲ ಅಕ್ಷರ ಉಸುರಿಬಿಡುತ್ತೇವೆ, ಆಗ ಓದಿದ್ದು ನಾವೇ. ಐದು ಸೆಕೆಂಡು ಕಾಯಿರಿ.

ಪ, ಷ ಒಂದೇ ವಾರದಲ್ಲಿ ಬೇಡ. ಮ, ವ ಕೂಡ ಹಾಗೆಯೇ. ಎರಡೂ ಹಸಿಯಿದ್ದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬಿಡಿಸಲು ತಿಂಗಳುಗಳೇ ಬೇಕು. ಒಂದು ಗಟ್ಟಿಯಾದ ಮೇಲೆ ಇನ್ನೊಂದು, ಆಮೇಲೆ ಅಕ್ಕಪಕ್ಕ ಇಟ್ಟು ಓದಿಸುವುದು.

ಕಾಗುಣಿತವನ್ನು ಕ, ಕಾ, ಕಿ, ಕೀ ಅಂತ ರಾಗವಾಗಿ ಹೇಳಿಸಿದರೆ ಬಾಯಿ ಮಾತ್ರ ಕಲಿಯುತ್ತದೆ. ದೀರ್ಘ ಒಂದನ್ನೇ ಹಿಡಿದು ಗೊತ್ತಿರುವ ಅಕ್ಷರಗಳಿಗೆಲ್ಲ ಹಚ್ಚಿ: ರಾ, ಗಾ, ಸಾ. ಅದು ನಿಂತ ಮೇಲೆ ಗುಡಿಸು: ರಿ, ಗಿ, ಸಿ.

ಪಟ್ಟಿಗಳು ಹೆಚ್ಚು ಮೋಸ ಮಾಡುವುದು ಒತ್ತಕ್ಷರದಲ್ಲಿ, ಎಲ್ಲಕ್ಕೂ ಸೇರಿ ಒಂದೇ ಪಾಠ ಇಟ್ಟುಬಿಡುತ್ತವೆ. ಅಕ್ಕ, ಹಗ್ಗ, ಅಪ್ಪ ಸುಲಭ, ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ. ತ, ನ, ಮ, ಯ, ರ, ಲ ಒತ್ತುಗಳ ರೂಪವೇ ಬೇರೆ, ಮಗುವಿನ ಪಾಲಿಗೆ ಅವು ಆರು ಹೊಸ ಅಕ್ಷರ. ‘ಸೂರ್ಯ’ದಲ್ಲಿ ಅರ್ಕಾವತ್ತು, ಅಂದರೆ ‘ರ್’ ಚಿಹ್ನೆ, ಬರೆಯುವುದು ‘ಯ’ ಆದ ಮೇಲೆ, ಓದುವುದು ಅದಕ್ಕೂ ಮೊದಲು. ಅದಕ್ಕೆ ಪ್ರತ್ಯೇಕ ದಿನಗಳು ಬೇಕು.

ಇಪ್ಪತ್ತು ನಿಮಿಷದ ತರಗತಿಯಲ್ಲಿ ಹದಿನೈದು ಹಳೆಯದಕ್ಕೇ ಹೋಗಲಿ. ರಜೆ ಮುಗಿದ ಮೊದಲ ದಿನ ಹೊಸದು ಬೇಡವೇ ಬೇಡ.

ಇನ್ನೊಂದು ಮಾತು ಹೇಳಲೇಬೇಕು. ಅಕ್ಷರ ನಿಧಾನವಾದ ಮಾತ್ರಕ್ಕೆ ಬುದ್ಧಿಗೂ ಪುಟ್ಟ ಮಕ್ಕಳ ಕತೆಯನ್ನೇ ಉಣಿಸಬೇಕಿಲ್ಲ. ಹನ್ನೆರಡರ ಹುಡುಗನಿಗೆ ಅವನ ವಯಸ್ಸಿನವರ ಕತೆ, ವಿಜ್ಞಾನ ಎಲ್ಲವನ್ನೂ ದಿನಾ ಹತ್ತು ನಿಮಿಷ ಗಟ್ಟಿಯಾಗಿ ಓದಿ ಹೇಳಿ, ಪ್ರಶ್ನೆ ಕೇಳಿ. ಅಲ್ಲಿ ಅವನು ಕೊಡುವ ಉತ್ತರಗಳನ್ನೂ ಪ್ರಗತಿ ಪತ್ರದಲ್ಲಿ ಬರೆಯಿರಿ.