ಒಂದಿಂಚು ಮೇಲೆ

ನಂದಿ ಬೆಟ್ಟಕ್ಕೆ ಸೈಕಲ್‌ನಲ್ಲಿ ಹೋಗಿ ಬಂದರೆ ಎರಡು ದಿನ ಕಂಬಿ ಹಿಡಿದೇ ಮೆಟ್ಟಿಲು ಇಳಿಯುತ್ತಿದ್ದೆ. ಮಂಡಿಚಿಪ್ಪಿನ ಮುಂದೆಯೇ ನೋವು. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತಿದ್ದವು. ಡಾಕ್ಟರು ಎಕ್ಸ್‌ರೇ ನೋಡಿ ಮೂಳೆ ಚೆನ್ನಾಗಿದೆ ಅಂದರು. ಜೊತೆಗೆ ಸೈಕಲ್ ಹೊಡೆಯುವ ಗೆಳೆಯ, "ಬೈಕ್ ಫಿಟ್ ಮಾಡಿಸು ಗುರು" ಅಂದ. ಅಂದರೆ ನಮ್ಮ ಮೈ ಅಳತೆಗೆ ಸೈಕಲ್ಲನ್ನು ಹೊಂದಿಸಿಕೊಳ್ಳೋದು.

ಏಳು ಸಾವಿರ ಅಂದಾಗ ಹೆಂಡತಿ ನಕ್ಕಳು. "ಟೈಲರ್ ಪುಕ್ಕಟೆ ಅಳತೆ ತಗೋತಾನಲ್ವಾ?"

ಫಿಟ್ ಮಾಡುವ ಹುಡುಗ ಮೊದಲು ಸೈಕಲ್ ಮುಟ್ಟಲೇ ಇಲ್ಲ. ಬಗ್ಗಿ ಕಾಲ್ಬೆರಳು ಮುಟ್ಟಿ ಅಂದ. ನನ್ನ ಕೈ ಮೊಣಕಾಲಿಂದ ಒಂದು ಗೇಣು ಕೆಳಗೆ ಹೋಗಿ ನಿಂತಿತು. ಏನೋ ಬರೆದುಕೊಂಡ. ಆಮೇಲೆ ಸೈಕಲ್ಲನ್ನು ಚಕ್ರ ನಿಂತಲ್ಲೇ ತಿರುಗುವ ಟ್ರೈನರ್ ಸ್ಟ್ಯಾಂಡಿಗೆ ಸಿಕ್ಕಿಸಿ ತುಳಿಯಲು ಹೇಳಿದ. ಸೊಂಟ, ಮಂಡಿ, ಹರಡಿಗೆ ಚುಕ್ಕಿ ಅಂಟಿಸಿ, ಉದ್ದ ಕೈಗಳಿದ್ದ ಕೋನಮಾಪಕ ಹಿಡಿದ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ 25ರಿಂದ 35 ಡಿಗ್ರಿಯಷ್ಟು ಮಡಚಿರಬೇಕಂತೆ. ನನ್ನದು 46.

"ಸೀಟ್ ಯಾರು ಇಟ್ಟಿದ್ದು ಸರ್?"

ಯಾರು ಅಂದರೆ? ನಾನೇ! ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತವನು ನಾನು. ಸೀಟಿನ ಮೇಲೆ ಕೂತಾಗ ಎರಡೂ ಕಾಲು ನೆಲಕ್ಕೆ ತಾಗಬೇಕು ಅನ್ನೋದು ಅಪ್ಪನ ಕಾನೂನು. ಅಂಗಡಿಯವನೂ ಅದನ್ನೇ ನೋಡಿ ತಲೆಯಾಡಿಸಿದ್ದ. ಸೀಟು ತಗ್ಗಿದ್ದರೆ ಮಂಡಿ ಜಾಸ್ತಿ ಮಡಚುತ್ತೆ, ಪ್ರತಿ ತುಳಿತದ ಭಾರ ಚಿಪ್ಪಿನ ಮೇಲೆ ಬೀಳುತ್ತೆ. ತೀರಾ ಎತ್ತರವಾದರೆ ಮಂಡಿಯ ಹಿಂದೆ ನೋಯುತ್ತಂತೆ.

ಸೀಟು 28 ಮಿಲಿಮೀಟರ್ ಏರಿತು. ಒಂದಿಂಚು ಚಿಲ್ಲರೆ, ಅಷ್ಟೇ! ಗಾರೆಯವರು ಗೋಡೆ ನೆಟ್ಟಗಿದೆಯಾ ಅಂತ ನೋಡಲು ಬಿಡುವ ದಾರದ ಗುಂಡನ್ನು ಮಂಡಿಯಿಂದ ಪೆಡಲ್‌ಗೆ ಇಳಿಬಿಟ್ಟು, ಸೀಟನ್ನು ಚೂರು ಹಿಂದಕ್ಕೂ ಸರಿಸಿದ. ಹ್ಯಾಂಡಲ್ ಹಿಡಿಯುವ ಸ್ಟೆಮ್ 110 ಮಿಲಿಮೀಟರ್‌ನದು ತೆಗೆದು 90ರದು ಹಾಕಿದ. ಬಗ್ಗಲಾರದ ಮೈ ಅಷ್ಟು ಮುಂದಕ್ಕೆ ಚಾಚಿದರೆ ಭಾರವೆಲ್ಲ ಅಂಗೈಗೆ ಬಂದು ನರ ಒತ್ತುತ್ತೆ. ಬೆರಳು ಜೋಮು ಹಿಡಿಯುತ್ತಿದ್ದದ್ದು ಅದಕ್ಕೇ. ಬಗ್ಗಿಸಿ ನೋಡಿದ್ದೂ ಅದಕ್ಕೇ.

"ನಿಲ್ಲಿಸುವಾಗ ಸೀಟಿಂದ ಮುಂದಕ್ಕಿಳಿದು ಕಾಲಿಡಿ ಸರ್, ಕೂತೇ ಇಡೋಕಾಗಲ್ಲ" ಅಂತ ಎರಡು ಸಲ ಹೇಳಿ ಕಳಿಸಿದ.

ಹೆಬ್ಬಾಳದ ಸಿಗ್ನಲ್ಲಿನಲ್ಲಿ ಕೂತೇ ಕಾಲು ಚಾಚಿದೆ. ನೆಲ ಸಿಗಲಿಲ್ಲ. ಪಕ್ಕದ ಆಟೋ ಮೇಲೆ ವಾಲಿದೆ. ಡ್ರೈವರ್ ಭುಜ ಹಿಡಿದು ನಿಲ್ಲಿಸಿ, ಬಹಳ ಕಾಳಜಿಯಿಂದ ಹೇಳಿದ:

"ಸೀಟ್ ಸ್ವಲ್ಪ ಇಳಿಸ್ಕೊಳ್ಳಿ ಸಾರ್."