ಹಿತ್ತಲಲ್ಲಿ ಮಗುಚಿಟ್ಟ ಮೂರು ಸ್ಪೀಡ್ ಬೋಟುಗಳು

ಕಾರವಾರದ ಕೋಡಿಬಾಗದಲ್ಲಿರುವ ನನ್ನ ವರ್ಕ್‌ಶಾಪಿನ ಹಿತ್ತಲಲ್ಲಿ, ತೆಂಗಿನ ಮರಗಳ ಕೆಳಗೆ ಮೂರು ಸ್ಪೀಡ್ ಬೋಟುಗಳು ಮಗುಚಿಕೊಂಡು ಬಿದ್ದಿದ್ದವು. ಮೂರಕ್ಕೂ ಮಾಲೀಕರಿದ್ದಾರೆ. ಒಬ್ಬರು ಹುಬ್ಬಳ್ಳಿಯವರು, ಒಬ್ಬರು ಗೋವಾದವರು, ಇನ್ನೊಬ್ಬರು ಇಲ್ಲಿಯವರೇ. ರಿಪೇರಿಗೆ ಬಿಟ್ಟು ಹೋದ ಹೊಸತರಲ್ಲಿ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಆಮೇಲೆ ನಾನೇ ಮಾಡಿದರೂ "ನೋಡೋಣ ಮೇಸ್ತ್ರಿ, ಮಳೆಗಾಲ ಮುಗಿಯಲಿ" ಎನ್ನತೊಡಗಿದರು. ಮಳೆಗಾಲಗಳು ಮುಗಿದವು, ಬೋಟಿನ ಅಡಿಯಲ್ಲಿ ಹಾವಸೆ ಕಟ್ಟಿತು.

ಇಪ್ಪತ್ತೆರಡು ವರ್ಷಗಳಿಂದ ಔಟ್‌ಬೋರ್ಡ್ ಎಂಜಿನ್, ಅಂದರೆ ಬೋಟಿನ ಹಿಂಬದಿಗೆ ಹೊರಗಡೆ ತೂಗುಹಾಕುವ ಎಂಜಿನ್ ರಿಪೇರಿ ಮಾಡುತ್ತಿದ್ದೇನೆ. ನನ್ನ ಮನೆಯ ಅನ್ನ ಬರುವುದು ಮೀನುಗಾರರ ನಾಡದೋಣಿಗಳಿಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನಸ್ಸು ಹೋಗಿ ನಿಂತಿದ್ದು ಹದಿನೈದು ಹದಿನಾರು ಅಡಿ ಉದ್ದದ, ಮೋಜಿಗೆಂದೇ ಮಾಡಿದ ಫೈಬರ್ ಬೋಟುಗಳ ಮೇಲೆ. ಬೆಳಗಿನ ಏಳು ಗಂಟೆಗೆ ಕಾಳಿ ನದಿಯಲ್ಲಿ ಗಾಳಿ ಇರುವುದಿಲ್ಲ, ನೀರು ಎಣ್ಣೆ ಸವರಿದಂತೆ ಇರುತ್ತದೆ. ಆಗ ಥ್ರಾಟಲ್ ಒತ್ತಿದರೆ ಮೊದಲು ಮೂತಿ ಮೇಲೇಳುತ್ತದೆ, ಹಿಂಬದಿ ಕೂರುತ್ತದೆ, ಎಂಜಿನ್ ಭಾರ ಎಳೆಯುವಂತೆ ನರಳುತ್ತದೆ. ಮೂರ್ನಾಲ್ಕು ಸೆಕೆಂಡು ಅಷ್ಟೇ. ಆಮೇಲೆ ಬೋಟು ತಾನೇ ಎಬ್ಬಿಸಿದ ಅಲೆಯನ್ನು ಹತ್ತಿ ಅದರ ನೆತ್ತಿ ದಾಟುತ್ತದೆ, ಮೂತಿ ಇಳಿಯುತ್ತದೆ, ಎಂಜಿನ್ ದನಿ ಹಗುರಾಗುತ್ತದೆ. ಅಲ್ಲಿಂದ ಅದು ನೀರನ್ನು ಸೀಳುತ್ತ ಹೋಗುವುದಿಲ್ಲ, ನೀರಿನ ಮೇಲ್ಮೈ ಮೇಲೆ ಜಾರುತ್ತದೆ. ಆ ಕ್ಷಣದ ಮೇಲಿನ ಪ್ರೀತಿ ನನಗೆ ಇಂದಿಗೂ ಕಡಿಮೆಯಾಗಿಲ್ಲ.

ಆ ಪ್ರೀತಿಯೇ ನನ್ನಿಂದ ಒಂದು ತಪ್ಪು ಮಾಡಿಸಿತು. ಅದನ್ನು ನನ್ನ ಹುಡುಗರಿಗೆ ಹೇಳಿದ್ದೇನೆ, ಇಲ್ಲಿಯೂ ಬರೆಯುತ್ತಿದ್ದೇನೆ.

2016ರ ಹಂಗಾಮು. ಒಂದು ರೆಸಾರ್ಟಿನ ಮಾಲೀಕರ ಬಳಿ ಹದಿನಾರು ಅಡಿಯ ಬೋಟು ಇತ್ತು, ಅದಕ್ಕೆ 90 ಅಶ್ವಶಕ್ತಿಯ ಟು ಸ್ಟ್ರೋಕ್ ಎಂಜಿನ್. ಪಿಸ್ಟನ್ ಕಚ್ಚಿಕೊಂಡು ಎಂಜಿನ್ ಸತ್ತೇ ಹೋಗಿತ್ತು. ಅಂಥದ್ದೇ ಮತ್ತೊಂದು ಬೇಕು ಎಂದರು. ಆ ಹೊತ್ತಿಗಾಗಲೇ ಆ ಗಾತ್ರದ ಹೊಸ ಟು ಸ್ಟ್ರೋಕ್ ಸುಲಭವಾಗಿ ಸಿಗುತ್ತಿರಲಿಲ್ಲ. ಕಾರಣ ನಮ್ಮೂರಿನದಲ್ಲ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇರುವ ಟು ಸ್ಟ್ರೋಕ್ ಎಂಜಿನ್ ತಾನು ಕುಡಿದ ಪೆಟ್ರೋಲಿನಲ್ಲಿ ಕಾಲು ಭಾಗದಷ್ಟನ್ನು ಸುಡದೆಯೇ ಹೊಗೆಯ ಜೊತೆ ನೀರಿಗೆ ಉಗುಳುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1996ರಲ್ಲಿ ನಿಯಮ ಮಾಡಿ, ಹೊಸ ಔಟ್‌ಬೋರ್ಡುಗಳ ಈ ಹೊಗೆಯನ್ನು 2006ರ ಹೊತ್ತಿಗೆ ಶೇಕಡಾ 75ರಷ್ಟು ಇಳಿಸಬೇಕು ಎಂದಿತು. ಯುರೋಪಿನಲ್ಲೂ ನಿಯಮ ಬಂತು. ಕಂಪನಿಗಳು ಒಂದೊಂದಾಗಿ ಫೋರ್ ಸ್ಟ್ರೋಕಿಗೆ ಹೊರಳಿದವು. 1909ರಲ್ಲಿ ಶುರುವಾದ ಎವಿನ್‌ರೂಡ್ ಔಟ್‌ಬೋರ್ಡಿನ ಉತ್ಪಾದನೆಯೇ 2020ರಲ್ಲಿ ನಿಂತುಹೋಯಿತು. ಆ ಸುದ್ದಿ ಓದಿದ ದಿನ ನನಗೆ ಮನೆಯ ಹಿರಿಯರೊಬ್ಬರು ಹೋದಂತಾಗಿತ್ತು.

ನಾನು ಮಾಲೀಕರಿಗೆ ಫೋರ್ ಸ್ಟ್ರೋಕ್ ಹಾಕಿಸಿ ಎಂದೆ. "ಅದೇ 90, ಅದೇ ವೇಗ, ಪೆಟ್ರೋಲೂ ಉಳಿಯುತ್ತದೆ" ಎಂದೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಹಳೆಯ ಎಂಜಿನಿನ ತೂಕ ಸುಮಾರು 120 ಕಿಲೋ, ಹೊಸದು 160 ಕಿಲೋಗೂ ಮೇಲೆ. ಆ ನಲವತ್ತು ಕಿಲೋ ಬೋಟಿನ ನಡುವೆ ಬಂದು ಕೂತಿದ್ದರೆ ಚಿಂತೆ ಇರಲಿಲ್ಲ. ಅದು ಬಂದು ತೂಗಿದ್ದು ಹಿಂಬದಿಯ ಕಟ್ಟಕಡೆಯ ಹಲಗೆಗೆ. ಆ ಬೋಟನ್ನು ಅಚ್ಚು ಹಾಕಿದವರು ಹಗುರ ಎಂಜಿನಿನ ಲೆಕ್ಕ ಹಿಡಿದು ಅಚ್ಚು ಹಾಕಿದ್ದರು. ಎಂಜಿನ್ ಕೂರಿಸಿ, ನಾನೂ ನನ್ನ ಹುಡುಗನೂ ಬೆಳಗ್ಗೆ ನದಿಯಲ್ಲಿ ಓಡಿಸಿ ನೋಡಿದೆವು. ಇಬ್ಬರೇ, ನೀರು ತಣ್ಣಗೆ. ಬೋಟು ಹಾರಿತು. ಸಂತೋಷದಿಂದ ಬೀಗದ ಕೈ ಕೊಟ್ಟೆ.

ಎರಡು ದಿನಗಳ ಮೇಲೆ ಆ ಮಾಲೀಕರ ಮನೆಗೆ ಶಿರಸಿ ಕಡೆಯ ನೆಂಟರು ಬಂದಿದ್ದರು. ಮಧ್ಯಾಹ್ನದ ಊಟ ಮುಗಿಸಿ ಆರು ಮಂದಿ ಬೋಟು ಹತ್ತಿದರು, ಚಾಲಕನ ಜೊತೆ ನಾನೂ ಇದ್ದೆ. ನಮ್ಮ ಕರಾವಳಿಯಲ್ಲಿ ಹೊತ್ತು ಏರಿದಂತೆ ಪಡುವಣ ಗಾಳಿ ಬೀಸತೊಡಗುತ್ತದೆ. ಅಳಿವೆಯಲ್ಲಿ ಇಳಿತದ ನೀರು ಹೊರಕ್ಕೆ ನುಗ್ಗುತ್ತಿದ್ದರೆ ಗಾಳಿ ಒಳಕ್ಕೆ ದೂಡುತ್ತದೆ, ಎರಡೂ ಗುದ್ದಾಡಿ ಗಿಡ್ಡನೆಯ ಕಡಿದಾದ ಅಲೆಗಳು ಏಳುತ್ತವೆ. ಅಲ್ಲಿ ಚಾಲಕ ವೇಗ ಇಳಿಸಿದ. ಇಳಿಸಿದೊಡನೆ ಹಿಂಬದಿ ಕುಸಿಯಿತು. ಮಳೆನೀರು ಹೊರಹೋಗಲೆಂದು ಬಿಟ್ಟಿರುವ ತೂತುಗಳು ನೀರಿನ ಮಟ್ಟಕ್ಕಿಂತ ಕೆಳಗೆ ಇಳಿದು, ಸಮುದ್ರದ ನೀರು ಒಳಗೆ ಬಂದು ಹಿಂದಿನ ಸೀಟಿನವರ ಪಾದ ತೋಯಿಸಿತು. ಹೆದರಿ ಥ್ರಾಟಲ್ ಕೊಟ್ಟಾಗ ಮೂತಿ ಆಕಾಶಕ್ಕೆ ನಿಂತಿತು. ಮೇಲೆದ್ದ ಬಳಿಕ ಮೂತಿ ನೆಲೆ ನಿಲ್ಲದೆ ಏಳುತ್ತ ಬೀಳುತ್ತ ಕುಣಿಯತೊಡಗಿತು, ಒಂದೊಂದು ಅಲೆಗೂ ಅಡಿಭಾಗ ಕಲ್ಲಿಗೆ ಬಡಿದಂತೆ ಬಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಎಲ್ಲರೂ ಲೈಫ್ ಜಾಕೆಟ್ ಹಾಕಿದ್ದರು. ಹೇಗೋ ತಿರುಗಿಸಿಕೊಂಡು ಬಂದೆವು.

ದಡಕ್ಕೆ ಬಂದ ಮೇಲೆ, ಎಪ್ಪತ್ತು ದಾಟಿದ ಒಬ್ಬ ಅಮ್ಮ ಸೊಂಟ ಹಿಡಿದುಕೊಂಡು ಕಲ್ಲಿನ ಮೇಲೆ ಕೂತರು. ನಾನು ಹತ್ತಿರ ಹೋಗಿ "ನೋವಾಯಿತೇ ಅಮ್ಮಾ" ಎಂದು ಕೇಳಿದೆ. ಅವರು ಬೈಯಲಿಲ್ಲ. "ತಮ್ಮಾ, ನಾನು ಸಮುದ್ರ ನೋಡಲು ಬಂದವಳು. ಹೋಗುವಾಗ ಆಕಾಶ ಕಂಡಿತು, ಬರುವಾಗ ಕಣ್ಣು ಮುಚ್ಚಿಕೊಂಡಿದ್ದೆ. ಸದಾಶಿವಗಡದ ಗುಡ್ಡ ಎಲ್ಲಿ ಬಂತು ಅಂತಲೂ ತಿಳಿಯಲಿಲ್ಲ" ಎಂದರು.

ಆ ಮಾತು ನನ್ನಿಂದ ಇನ್ನೂ ಹೋಗಿಲ್ಲ. ಎಂಜಿನ್ ಮಾರುವ ಮುಂಚೆ ಆ ಮಾಲೀಕರನ್ನು ನಾನು ಕೇಳಿದ್ದು ಒಂದೇ: ಎಷ್ಟು ವೇಗ ಬೇಕು? ಯಾರು ಕೂರುತ್ತಾರೆ, ಎಷ್ಟು ಜನ, ಯಾವ ಸೀಟಿನಲ್ಲಿ, ಯಾವ ಹೊತ್ತಿನಲ್ಲಿ, ಅಳಿವೆ ದಾಟುತ್ತಾರೋ ನದಿಯೊಳಗೇ ಇರುತ್ತಾರೋ ಎಂದು ಕೇಳಿರಲಿಲ್ಲ. ಆ ಬೋಟಿನ ಬ್ಯಾಟರಿಯನ್ನೂ ಪೆಟ್ರೋಲ್ ಟ್ಯಾಂಕನ್ನೂ ಬಿಚ್ಚಿ ಮುಂದಿನ ಸೀಟಿನ ಕೆಳಗೆ ಸರಿಸಿದೆ, ನನ್ನ ಖರ್ಚಿನಲ್ಲಿ. ಕುಣಿತ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಮಾಲೀಕರು ಮರುವರ್ಷವೇ ಅದನ್ನು ಮಾರಿ, ನೆರಳಿಗೆ ಮೇಲು ಹೊದಿಕೆ ಇರುವ, ಅಗಲ ಅಡಿಯ, ನಿಧಾನದ ದೋಣಿ ತಂದರು. ಅದು ಖಾಲಿ ಕೂತ ದಿನವೇ ಇಲ್ಲ ಎಂದು ಅವರೇ ಹೇಳುತ್ತಾರೆ.

ಆಮೇಲೆ ನಾನು ಗಮನ ಇಟ್ಟು ನೋಡತೊಡಗಿದೆ. ಈ ಕರಾವಳಿಗೆ ಬರುವ ಜನರಿಗೆ ನಿಜವಾಗಿ ಏನು ಬೇಕು? ಕೂರ್ಮಗಡ ದ್ವೀಪದ ಸುತ್ತ ಡಾಲ್ಫಿನ್ ನೋಡಬೇಕು, ಅದಕ್ಕೆ ಎಂಜಿನ್ ತಗ್ಗಿಸಿ ಕಾಯುವ ದೋಣಿ ಬೇಕು, ಸದ್ದು ಮಾಡಿದರೆ ಅವು ದೂರ ಸರಿಯುತ್ತವೆ. ಹೊನ್ನಾವರದಲ್ಲಿ ಶರಾವತಿಯ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡಬೇಕು, ಅಲ್ಲಿ ವೇಗವಾಗಿ ಹೋದರೆ ಎದ್ದ ಅಲೆ ದಂಡೆಯ ಮಣ್ಣನ್ನೇ ಕೊರೆಯುತ್ತದೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗುವವರಿಗೆ ಸಿಲಿಂಡರ್ ಇಡಲು ಜಾಗ ಬೇಕು, ವಾಂತಿ ಬಾರದ ಅಗಲ ದೋಣಿ ಬೇಕು. ಇನ್ನು ಬರೀ ವೇಗವೇ ಬೇಕೆನ್ನುವ ಹುಡುಗರಿಗೆ ಜೆಟ್ ಸ್ಕೀ ಇದೆ. ಅದಕ್ಕೆ ಹೊರಗೆ ಸುತ್ತುವ ಫ್ಯಾನ್ (ಪ್ರೊಪೆಲರ್) ಇಲ್ಲ, ಹತ್ತು ನಿಮಿಷಕ್ಕೆ ಬಾಡಿಗೆ ಕೊಡಬಹುದು, ಇಡಲು ಒಂದು ಶೆಡ್ ಸಾಕು. ನಡುವೆ ಸಿಕ್ಕಿಕೊಂಡದ್ದು ಸ್ಪೀಡ್ ಬೋಟು. ಸಂಸಾರಕ್ಕೆ ಅದು ಜೋರಾಯಿತು, ಹುಡುಗರಿಗೆ ಸಾಲದಾಯಿತು.

ಖರ್ಚನ್ನೂ ಹೇಳಲೇಬೇಕು. 90 ಅಶ್ವಶಕ್ತಿಯ ಎಂಜಿನ್ ಪೂರ್ತಿ ವೇಗದಲ್ಲಿ ಗಂಟೆಗೆ ಸುಮಾರು 30 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಲೀಟರಿಗೆ 100 ರೂಪಾಯಿ ದಾಟಿದ ಮೇಲೆ ಆ ಒಂದು ಗಂಟೆ ಮೂರು ಸಾವಿರಕ್ಕೂ ಮೇಲಾಯಿತು. ಹುಬ್ಬಳ್ಳಿಯವರ ಬೋಟಿನಲ್ಲಿ ಗಂಟೆ ಎಣಿಸುವ ಮೀಟರ್ ಇದೆ. ಎರಡು ವರ್ಷಗಳಲ್ಲಿ ಅದು ಓಡಿದ್ದು ಹತ್ತೊಂಬತ್ತು ಗಂಟೆ. ನಿಂತ ಬೋಟು ಓಡಿದ ಬೋಟಿಗಿಂತ ಬೇಗ ಹಾಳಾಗುತ್ತದೆ. ಅದರ ಕಾರ್ಬ್ಯುರೇಟರ್ ಬಿಚ್ಚಿದಾಗ ತಳದಲ್ಲಿ ಹಳೆಯ ಪೆಟ್ರೋಲ್ ಜೇನಿನ ಬಣ್ಣಕ್ಕೆ ತಿರುಗಿ ಅಂಟಾಗಿತ್ತು, ಸೂಜಿಯ ಮೊನೆ ಹೋಗುವಷ್ಟು ಸಣ್ಣ ಜೆಟ್ಟಿನ ತೂತು ಮುಚ್ಚಿಹೋಗಿತ್ತು. ಗೇರ್ ಆಯಿಲ್ ಬಿಟ್ಟರೆ ಹಾಲು ಬೆರೆಸಿದ ಚಹಾದಂತೆ ಸುರಿಯಿತು. ಫ್ಯಾನ್ ತೆಗೆದು ನೋಡಿದೆ. ಯಾರದೋ ಗಾಳದ ನೈಲಾನ್ ದಾರ ಶಾಫ್ಟಿಗೆ ಸುತ್ತಿಕೊಂಡು ಸೀಲನ್ನು ಕೊರೆದು, ಉಪ್ಪುನೀರಿಗೆ ದಾರಿ ಮಾಡಿಕೊಟ್ಟಿತ್ತು. ವರ್ಷಕ್ಕೊಮ್ಮೆ ಫ್ಯಾನ್ ಬಿಚ್ಚಿ ಒರೆಸಿದ್ದರೆ ಐದು ನಿಮಿಷದ ಕೆಲಸ. ಓಡಿಸುವ ಆಸೆ ಇದ್ದವರಿಗೇ ಅದನ್ನು ನೋಡಿಕೊಳ್ಳುವ ಬಿಡುವಿರಲಿಲ್ಲ.

2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಅದು ಸ್ಪೀಡ್ ಬೋಟ್ ಅಲ್ಲ, ಜನರನ್ನು ತುಂಬಿಕೊಂಡು ಬರುತ್ತಿದ್ದ ದೋಣಿ. ಆದರೆ ಆ ದಿನದ ಬಳಿಕ ಈ ಊರಿನಲ್ಲಿ ದೋಣಿಗೆ ಕಾಲಿಡುವವರ ಕಣ್ಣು ಬದಲಾಯಿತು. ಮೊದಲು ಲೈಫ್ ಜಾಕೆಟ್ ಎಲ್ಲಿ ಎನ್ನುತ್ತಾರೆ, ಆಮೇಲೆ ಎಷ್ಟು ಜನರನ್ನು ಹತ್ತಿಸುತ್ತೀರಿ ಎನ್ನುತ್ತಾರೆ. ಕೇಳಬೇಕಾದದ್ದೇ.

ಹೊರಗಿನ ದೇಶಗಳಲ್ಲೂ ಇದೇ ದಿಕ್ಕು. ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರ ಒಂದು ಕಾಲಕ್ಕೆ ಇಂಥ ಬೋಟುಗಳಿಗೂ ವಾಟರ್ ಸ್ಕೀಯಿಂಗಿಗೂ ಹೆಸರಾಗಿತ್ತು. 2005ರ ಮಾರ್ಚಿನಿಂದ ಅಲ್ಲಿ ವೇಗದ ಮಿತಿ ಗಂಟೆಗೆ 20 ಕಿಲೋಮೀಟರಿಗೂ ಕಡಿಮೆ. ಅಷ್ಟು ವೇಗದಲ್ಲಿ ಸ್ಪೀಡ್ ಬೋಟು ಅಲೆಯ ನೆತ್ತಿಯನ್ನೇ ಹತ್ತಲಾರದು, ಮೂತಿ ಎತ್ತಿಕೊಂಡು ಒದ್ದಾಡುತ್ತದೆ. ಅಮೆರಿಕದಲ್ಲಿ ಎರಡು ಕೊಳವೆಗಳ ಮೇಲೆ ಚಪ್ಪರ ಕಟ್ಟಿದಂಥ ಪಾಂಟೂನ್ ದೋಣಿಗಳನ್ನು ಸಂಸಾರಸ್ಥರು ಕೊಳ್ಳುತ್ತಿದ್ದಾರೆ.

ಹಾಗೆಂದು ಈ ಬೋಟುಗಳು ಹೋಗಲಿ ಎನ್ನುವವರ ಜೊತೆ ನಾನಿಲ್ಲ. 1960ರಲ್ಲಿ ಅಮೆರಿಕದ ಮಯಾಮಿಯಿಂದ ಬಹಾಮಾಸ್ ದ್ವೀಪಗಳ ನಸ್ಸಾವಿನವರೆಗಿನ ಸಮುದ್ರದ ಪಂದ್ಯವನ್ನು ರೇಮಂಡ್ ಹಂಟ್ ವಿನ್ಯಾಸದ, ಅಡಿಯಲ್ಲಿ ಆಳವಾದ ವಿ ಆಕಾರ ಇರುವ ಬೋಟು ಗೆದ್ದಿತು. ಇಂದು ಒರಟು ಸಮುದ್ರದಲ್ಲಿ ವೇಗವಾಗಿ ಓಡಬೇಕಾದ ಎಷ್ಟೋ ಗಸ್ತು ದೋಣಿ, ರಕ್ಷಣಾ ದೋಣಿಗಳ ಅಡಿಭಾಗದಲ್ಲಿ ಆ ಗೆರೆ ಇದೆ. ಮೋಜಿನ ಬೋಟುಗಳಲ್ಲಿ ಕಲಿತ ವಿದ್ಯೆ ಜೀವ ಉಳಿಸುವ ದೋಣಿಗಳಿಗೆ ಹೋಗಿದೆ. ನನ್ನ ಹುಡುಗರಿಗೆ ಕಾರ್ಬ್ಯುರೇಟರ್ ದನಿ ಕೇಳಿ ಹದ ಮಾಡುವುದನ್ನು ಈಗಲೂ ಕಲಿಸುತ್ತೇನೆ, ಹೊಸ ಎಂಜಿನ್‌ಗೆ ಲ್ಯಾಪ್‌ಟಾಪ್ ಜೋಡಿಸಿ ದೋಷ ಹುಡುಕುವುದನ್ನು ಅವರಿಂದ ನಾನು ಕಲಿಯುತ್ತಿದ್ದೇನೆ.

ಕಳೆದ ತಿಂಗಳು ಮೂರು ಬೋಟುಗಳಲ್ಲಿ ಒಂದರ ಮಾಲೀಕರು, ಇಲ್ಲಿಯವರು, ತಾವಾಗಿಯೇ ಬಂದರು. ಅಪ್ಪ ಅಮ್ಮನನ್ನು ಸಂಜೆ ಹೊತ್ತು ನದಿಯಲ್ಲಿ ಸುತ್ತಿಸಬೇಕು, ಅಷ್ಟೇ ಎಂದರು. ಬೋಟನ್ನು ಎತ್ತಿ, ಎಂಜಿನ್ ಕೂರುವ ಹಲಗೆಯನ್ನು ಸ್ಕ್ರೂಡ್ರೈವರಿನ ಹಿಡಿಕೆಯಿಂದ ಅಂಗುಲ ಅಂಗುಲಕ್ಕೂ ಬಡಿದು ನೋಡಿದೆ. ಎಡಗಡೆ ಕೆಳಮೂಲೆಯಲ್ಲಿ ಮಾತ್ರ ಮಂಕಾದ ದನಿ, ಒಳಗಿನ ಪ್ಲೈವುಡ್ ಕೊಳೆತಿತ್ತು. ಅದನ್ನು ಕಿತ್ತು ಹೊಸದು ಕಟ್ಟಿದೆವು. 40 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಸಾಕು, ಏಳುತ್ತದೆ, ಹಾರುವುದಿಲ್ಲ ಎಂದು ಹೇಳಿದೆ. ಆದರೆ ಎಂಜಿನ್‌ಗೆ ಇನ್ನೂ ಆರ್ಡರ್ ಕೊಡಬೇಡಿ, ಭಾನುವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಬನ್ನಿ ಎಂದೆ.

ಬಂದರು. ಹಿಂಬದಿಯ ಹಲಗೆಗೆ ಎಂಜಿನ್ ಬದಲು ಇಪ್ಪತ್ತು ಕಿಲೋದ ಐದು ಮರಳಿನ ಚೀಲಗಳನ್ನು ಕಟ್ಟಿದ್ದೆ, ಬ್ಯಾಟರಿ ಮತ್ತು ಟ್ಯಾಂಕಿನ ಲೆಕ್ಕಕ್ಕೆ ಇನ್ನೆರಡನ್ನು ಒಳಗೆ ಹಿಂದುಗಡೆ ಇಟ್ಟಿದ್ದೆ. ನೀರು ಹೋಗುವ ತೂತುಗಳ ಕೆಳಗೆ ಕೆಂಪು ಟೇಪು ಅಂಟಿಸಿದ್ದೆ. ಅಮ್ಮನನ್ನು ಕೈಹಿಡಿದು ಹತ್ತಿಸಿ ಹಿಂದಿನ ಸೀಟಿನಲ್ಲಿ ಕೂರಿಸಿದೆವು, ಅಪ್ಪ ಪಕ್ಕದಲ್ಲಿ. ಟೇಪು ನೀರಿನಲ್ಲಿ ಮುಳುಗಿತು. ಹುಡುಗ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಒಳಗಿನ ಎರಡು ಚೀಲಗಳನ್ನು ಮೂತಿಯ ಕಡೆಗೆ ದಾಟಿಸಿದ. "ಅಮ್ಮಾ, ಈಗ ನೀವು ಒಂದು ಸೀಟು ಮುಂದೆ ಬನ್ನಿ" ಎಂದೆ. ಅವರು ಬಂದು ಕೂತು, ಸೆರಗು ಸರಿಮಾಡಿಕೊಂಡು, "ಇಲ್ಲಿಂದ ಸೇತುವೆ ಚೆನ್ನಾಗಿ ಕಾಣುತ್ತದೆ" ಎಂದರು. ಟೇಪು ನೀರಿನಿಂದ ಎರಡು ಬೆರಳು ಮೇಲೆ ಬಂತು. ಹುಡುಗ ಅಲ್ಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದ.